ಗದ್ದೆ ಅಡ ಇಟ್ಟು ಇಂಗ್ಲೆಂಡಿನಲ್ಲಿ ಎಂಎಸ್ಸಿ ಫೈನಾನ್ಸ್: ಕಳಿಸಬೇಕಾ, ಬೇಡವಾ?

ನಾಲೆ ಪಕ್ಕದವ, ಮಂಡ್ಯ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮೈಸೂರಿನಲ್ಲಿ ಬಿಕಾಂ ಮುಗಿಸುತ್ತಿದ್ದಾಳೆ, ಅಂಕ ಚೆನ್ನಾಗಿದೆ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಫೈನಾನ್ಸ್‌ಗೆ ಸೀಟು ಸಿಕ್ಕಿದೆ. ಲಂಡನ್ ಅಲ್ಲ. ಒಂದು ವರ್ಷದ ಕೋರ್ಸು, 2026ರ ಸೆಪ್ಟೆಂಬರಿನಲ್ಲಿ ಶುರು. ಫೀಸು 27,000 ಪೌಂಡ್. ಅದರ ಮೇಲೆ ವೀಸಾಗೆ ತಿಂಗಳಿಗೆ 1,171 ಪೌಂಡಿನ ಲೆಕ್ಕದಲ್ಲಿ 9 ತಿಂಗಳ ಖರ್ಚು 28 ದಿನ ಖಾತೆಯಲ್ಲಿ ಇಟ್ಟು ತೋರಿಸಬೇಕಂತೆ. ಎಲ್ಲಾ ಸೇರಿದರೆ 40 ಲಕ್ಷ ದಾಟುತ್ತದೆ. ಅಪ್ಪ ಗದ್ದೆ ಅಡ ಇಟ್ಟು ಸಾಲ ತೆಗೆಯೋಣ ಅನ್ನುತ್ತಾರೆ. ಇಲ್ಲೇ ಎಂಬಿಎ ಮಾಡಿ ಜೊತೆಗೆ ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಮೂರು ಹಂತದ ಅಂತರರಾಷ್ಟ್ರೀಯ ಪರೀಕ್ಷೆ) ಬರೆಯಲಿ ಅಂತ ನಾನು. ತಿಳಿದವರು ಹೇಳಿ, ಈ ಡಿಗ್ರಿಗೆ ಅಷ್ಟು ದುಡ್ಡು ಹಾಕಬಹುದಾ?

ಆರ್ಟಿಕಲ್ ಕ್ಲರ್ಕ್:
ಇದಕ್ಕೆ ಚರ್ಚೆಯೇ ಬೇಡ. ಒಂದು ವರ್ಷದಲ್ಲಿ ಏನು ಕಲಿಸುತ್ತಾರೆ? ಎರಡು ಸೆಮಿಸ್ಟರ್ ಪಾಠ, ಆಮೇಲೆ ಬೇಸಿಗೆಯಲ್ಲಿ ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ. ಸಾಮಾನ್ಯವಾಗಿ 180 ಕ್ರೆಡಿಟ್ಟಿನಲ್ಲಿ 60 ಆ ಡಿಸರ್ಟೇಶನ್ನಿಗೇ ಹೋಗುತ್ತದೆ. ಕಾರ್ಪೊರೇಟ್ ಫೈನಾನ್ಸ್, ಡೆರಿವೇಟಿವ್ಸ್, ಬಾಂಡು, ಪೋರ್ಟ್‌ಫೋಲಿಯೋ ಎಲ್ಲಾ ಸಿಎಫ್‌ಎ ಪುಸ್ತಕದಲ್ಲೂ ಇದೆ. ಸರಸ್ವತಿಪುರಂನ ರೂಮಿನಲ್ಲಿ ಕೂತು ಓದಬಹುದು. 40 ಲಕ್ಷ ಕೊಟ್ಟು ಓದಿದರೆ ಆಪ್ಷನ್ ಬೆಲೆ ಲೆಕ್ಕ ಹಾಕುವ ಬ್ಲ್ಯಾಕ್-ಷೋಲ್ಸ್ ಸೂತ್ರ ಬೇರೆ ಉತ್ತರ ಕೊಡುತ್ತದಾ?

ಥೇಮ್ಸ್ ದಂಡೆ:
"ರೂಮಿನಲ್ಲಿ ಕೂತು ಓದಬಹುದು". ಓದಿ ಸ್ವಾಮಿ, ಬೇಡ ಅಂದವರು ಯಾರು? ಇಂಟರ್‌ವ್ಯೂಗೆ ಕರೆಯುವವರು ಯಾರು ಅನ್ನುವುದು ಪ್ರಶ್ನೆ. ನಾನು ಕುವೆಂಪುನಗರದವನು, ಇಲ್ಲಿ ಬಂದು ಎಂಎಸ್ಸಿ ಮಾಡಿ ಈಗ ಲಂಡನ್ನಿನ ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿದ್ದೇನೆ. ಬ್ಲೂಮ್‌ಬರ್ಗ್ ಟರ್ಮಿನಲ್ (ಮಾರುಕಟ್ಟೆಯ ಅಂಕಿಅಂಶ ತೋರಿಸುವ ಕಂಪ್ಯೂಟರ್) ಮುಂದೆ ಕೂರಿಸುತ್ತಾರೆ, ಎಕನಾಮೆಟ್ರಿಕ್ಸನ್ನು ಪೈಥಾನಿನಲ್ಲಿ ಮಾಡಿಸುತ್ತಾರೆ, ನಿಜವಾದ ಕಂಪನಿಯ ಲೆಕ್ಕ ತೆಗೆದು ಅದರ ಬೆಲೆ ಎಷ್ಟು ಅಂತ ಹತ್ತು ದೇಶದ ಹುಡುಗರ ಮುಂದೆ ನಿಂತು ವಾದ ಮಾಡಬೇಕು, ಅಲ್ಲಿ ತಡವರಿಸಿದರೆ ಮುಲಾಜಿಲ್ಲದೆ ಮುಖಕ್ಕೇ ಹೇಳುತ್ತಾರೆ. ಮುಗಿದ ಮೇಲೆ ಗ್ರಾಜುಯೇಟ್ ರೂಟ್ ವೀಸಾದಲ್ಲಿ 2 ವರ್ಷ ಉಳಿದು ಕೆಲಸ ಹುಡುಕಬಹುದು. ಫೈನಾನ್ಷಿಯಲ್ ಟೈಮ್ಸ್‌ನ ಮಾಸ್ಟರ್ಸ್ ಶ್ರೇಯಾಂಕ ಪಟ್ಟಿ ತೆಗೆದು ಸಂಬಳದ ಕಾಲಂ ನೋಡಿ, ಆಮೇಲೆ ಮಾತಾಡೋಣ.

ಆರ್ಟಿಕಲ್ ಕ್ಲರ್ಕ್:
"2 ವರ್ಷ" ಅನ್ನುವುದು ನಿಮ್ಮ ಕಾಲದ ಕಥೆ. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ 18 ತಿಂಗಳು ಮಾತ್ರ. ಈ ಹುಡುಗಿ 2027ರಲ್ಲಿ ಕೋರ್ಸು ಮುಗಿಸುತ್ತಾಳೆ, ಲೆಕ್ಕ ಹಾಕಿ. ಆಮೇಲೆ ಕೆಲಸದ ಮೇಲೆ ಅಲ್ಲೇ ಉಳಿಯಲು ಸ್ಕಿಲ್ಡ್ ವರ್ಕರ್ ವೀಸಾ ಬೇಕಂದರೆ ವರ್ಷಕ್ಕೆ 41,700 ಪೌಂಡ್ ಸಂಬಳ ಇರಬೇಕು. ಆ ಪಟ್ಟಿಯ ಸಂಬಳವೋ, ಕೋರ್ಸು ಮುಗಿದು ಮೂರು ವರ್ಷ ಆದ ಮೇಲಿನದು, ಅದೂ ಆಯಾ ದೇಶದ ಬೆಲೆಗೆ ಹೊಂದಿಸಿ ಡಾಲರಿಗೆ ತಿರುಗಿಸಿದ್ದು. ಪಟ್ಟಿಯಲ್ಲಿ ಎಚ್‌ಇಸಿ ಪ್ಯಾರಿಸ್ ಮೇಲಿದೆ ಅಂತ ಊರು ಹೆಸರಿಲ್ಲದ ಕಾಲೇಜಿಗೆ ಹೋದವರಿಗೂ ಅದೇ ಸಂಬಳ ಬರುತ್ತದಾ?

ಥೇಮ್ಸ್ ದಂಡೆ:
ಹೊಸದಾಗಿ ಕೆಲಸಕ್ಕೆ ಸೇರುವವರಿಗೆ 33,400 ಸಾಕು. ಅದನ್ನು ಯಾಕೆ ಬಿಟ್ಟಿರಿ? ಬೇಕಾದ ಸಾಲು ಓದಿ ಬೇಡದ ಸಾಲು ಹಾರಿಸುವುದನ್ನು ನಿಮ್ಮ ಸಿಎ ತರಬೇತಿಯ ಆರ್ಟಿಕಲ್‌ಶಿಪ್‌ನಲ್ಲಿ ಹೇಳಿಕೊಟ್ಟರಾ?

ನಿವೃತ್ತ ಮ್ಯಾನೇಜರ್:
ನೀವಿಬ್ಬರೂ ಪೌಂಡಿನಲ್ಲಿ ಜಗಳ ಆಡುತ್ತಿದ್ದೀರಿ. ಮೂಲ ಪ್ರಶ್ನೆಯಲ್ಲಿ "ಗದ್ದೆ ಅಡ ಇಟ್ಟು" ಅಂತ ಇದೆ, ಅದನ್ನು ಯಾರೂ ನೋಡಲಿಲ್ಲ. ತಮ್ಮಾ, ಬ್ಯಾಂಕು ಗದ್ದೆ ತೆಗೆದುಕೊಳ್ಳುವುದಿಲ್ಲ. ನಾನು ಮೈಸೂರು ಬ್ಯಾಂಕಿನಲ್ಲಿ ಸಾಲದ ಕಡತ ನೋಡುತ್ತಿದ್ದವನು, 2017ರ ಏಪ್ರಿಲ್‌ನಲ್ಲಿ ಅದನ್ನು ಸ್ಟೇಟ್ ಬ್ಯಾಂಕಿಗೆ ಸೇರಿಸುವವರೆಗೂ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳುತ್ತಾರೆ. ಆಸ್ತಿ ಅಂದರೆ ಮನೆ, ಸೈಟು, ಫಿಕ್ಸೆಡ್ ಡಿಪಾಸಿಟ್. ಪಹಣಿ ಹಿಡಿದುಕೊಂಡು ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ.

ಮದ್ದೂರು ಗೌಡ್ರು:
"ಬ್ಯಾಂಕು ಗದ್ದೆ ತೆಗೆದುಕೊಳ್ಳುವುದಿಲ್ಲ" ಅಂತ ಯಾರು ಹೇಳಿದ್ದು ಸಾರ್ ನಿಮಗೆ? ನಮ್ಮೂರಲ್ಲಿ ಗದ್ದೆ ಮೇಲೆ ಸಾಲ ಇಲ್ಲದ ಮನೆ ತೋರಿಸಿ, ಕರೆದು ಸನ್ಮಾನ ಮಾಡುತ್ತೇನೆ. ನಮ್ಮ ಪಕ್ಕದ ಮನೆಯವರು ಜಮೀನು ಇಟ್ಟೇ ಮಗನನ್ನು ಆಸ್ಟ್ರೇಲಿಯಾಗೆ ಕಳಿಸಿದರು.

ನಿವೃತ್ತ ಮ್ಯಾನೇಜರ್:
ಗೌಡರೇ, ಅದು ಬೆಳೆ ಸಾಲ. ಕಬ್ಬಿಗೆ, ಭತ್ತಕ್ಕೆ, ಪಂಪ್‌ಸೆಟ್ಟಿಗೆ ಕೊಡುವುದು. ಸೊಸೈಟಿಯಲ್ಲಿ, ಪಿಎಲ್‌ಡಿ ಬ್ಯಾಂಕಿನಲ್ಲಿ ತೆಗೆಯುವ ಸಾಲಕ್ಕೂ ಶಿಕ್ಷಣ ಸಾಲಕ್ಕೂ ಸಂಬಂಧ ಇಲ್ಲ. ಸರ್ಫೇಸಿ ಅಂತ 2002ರ ಕಾಯ್ದೆ ಇದೆ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತೆಗೆದುಕೊಂಡು ಹರಾಜು ಹಾಕುವ ಅಧಿಕಾರ ಬ್ಯಾಂಕಿಗೆ ಕೊಡುತ್ತದೆ. ಅದರ 31ನೇ ಕಲಂನಲ್ಲಿ ಕೃಷಿ ಜಮೀನನ್ನು ಹೊರಗಿಟ್ಟಿದ್ದಾರೆ. ಮಾರಲು ಆಗದ ವಸ್ತುವನ್ನು ಅಡ ಇಟ್ಟುಕೊಂಡು ಬ್ಯಾಂಕು ಏನು ಮಾಡಬೇಕು, ಕಬ್ಬು ಕಡಿಯಬೇಕಾ?

ಕೋರ್ಟ್ ಕಟ್ಟೆ:
"ಮಾರಲು ಆಗದ ವಸ್ತು" ಅನ್ನುವುದು ತಪ್ಪು ಸಾರ್. ಆ ಕಲಂ ಹೇಳುವುದು ಸರ್ಫೇಸಿಯ ಹತ್ತಿರದ ದಾರಿ ಕೃಷಿ ಜಮೀನಿಗೆ ನಡೆಯುವುದಿಲ್ಲ ಅಂತ. ಅಡಮಾನವೇ ಮಾಡಬಾರದು ಅಂತಲ್ಲ. ಬ್ಯಾಂಕು ಮಾಮೂಲಿ ದಾವೆ ಹಾಕಿ ವಸೂಲಿ ಮಾಡಬಹುದು.

ನಿವೃತ್ತ ಮ್ಯಾನೇಜರ್:
ದಾವೆ ಹಾಕಿ ಎಷ್ಟು ವರ್ಷ ಕಾಯಬೇಕು ಅಂತ ನಿಮ್ಮ ಕಟ್ಟೆ ಮೇಲೇ ಕೂತವರನ್ನು ಕೇಳಿ. ಕಾನೂನಿನಲ್ಲಿ ಇದೆಯಾ ಇಲ್ಲವಾ ಅನ್ನುವುದಲ್ಲ, ಮ್ಯಾನೇಜರ್ ಸಹಿ ಹಾಕುತ್ತಾನಾ ಅನ್ನುವುದು ಮಾತು.

ಮದ್ದೂರು ಗೌಡ್ರು:
ನೋಡಿ, ವಕೀಲರೇ ನನ್ನ ಪರ ಹೇಳಿದರು. ಬ್ಯಾಂಕಿನವರಿಗೆ ರೈತ ಅಂದರೆ ಮೊದಲಿನಿಂದಲೂ ಸಸಾರ. ಶೋಕಿಗೆ ಕಾರು ತೆಗೆಯುವವನಿಗೆ ಮನೆ ಬಾಗಿಲಿಗೆ ಬಂದು ಕೊಡುತ್ತಾರೆ, ಮಗಳನ್ನು ಓದಿಸುತ್ತೇನೆ ಅಂದವನಿಗೆ 31ನೇ ಕಲಂ.

ಕೋರ್ಟ್ ಕಟ್ಟೆ:
ನಾನು ಯಾರ ಪರವೂ ಹೇಳಿಲ್ಲ.

ಬೋಗಾದಿ ಮೇಡಂ:
ಗೌಡರೇ, ನಿಮ್ಮ ಪಕ್ಕದ ಮನೆಯವರು ಇಟ್ಟಿದ್ದು ಗದ್ದೆಯಾ ಅಥವಾ ಡಿಸಿ ಕನ್ವರ್ಷನ್ ಆದ, ಅಂದರೆ ಕೃಷಿಯೇತರ ಅಂತ ಬದಲಾದ ಜಮೀನಾ? ಒಂದು ಸಲ ವಿಚಾರಿಸಿ ಹೇಳಿ.

ಮದ್ದೂರು ಗೌಡ್ರು:
ಹೆದ್ದಾರಿ ಪಕ್ಕದ ಜಾಗ. ಕನ್ವರ್ಷನ್ ಆಗಿತ್ತು ಅನ್ನಿ. ಅದಕ್ಕೇನೀಗ? ಕನ್ವರ್ಷನ್ ಆದ ತಕ್ಷಣ ಮಣ್ಣು ಬದಲಾಗಿಬಿಡುತ್ತದಾ?

ನಿವೃತ್ತ ಮ್ಯಾನೇಜರ್:
ಮಣ್ಣು ಬದಲಾಗುವುದಿಲ್ಲ, ಕಾಗದ ಬದಲಾಗುತ್ತದೆ. ಇಷ್ಟು ಹೊತ್ತು ನಾನು ಹೇಳಿದ್ದೂ ಅದೇ.

ಮದ್ದೂರು ಗೌಡ್ರು:
ಹಾಗಾದರೆ ಜಮೀನು ಇಡಬಹುದು ಅಂತ ನೀವೇ ಒಪ್ಪಿಕೊಂಡ ಹಾಗಾಯಿತು.

ಫ್ರಾಂಕ್‌ಫರ್ಟ್ ಫಿಲ್ಟರ್ ಕಾಫಿ:
ಇಷ್ಟೊಂದು ಸಾಲ ಯಾಕೆ ಬೇಕು ಅಂತಲೇ ನನಗೆ ಅರ್ಥ ಆಗುತ್ತಿಲ್ಲ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇಲ್ಲ. ಖರ್ಚಿಗೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟರೆ ಆಯಿತು, ಅದೂ ತಿಂಗಳಿಗೆ 992ರಂತೆ ನಿಮಗೇ ವಾಪಸ್ ಬರುತ್ತದೆ. ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಇರುವುದು ಇದೇ ಊರಿನಲ್ಲಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇಲ್ಲೂ ಕೊಡುತ್ತಾರೆ.

ಆರ್ಟಿಕಲ್ ಕ್ಲರ್ಕ್:
"ಫೀಸು ಇಲ್ಲ". ಫೈನಾನ್ಸಿಗೆ ಹೆಸರಾದ ಮಾನ್‌ಹೈಮ್ ವಿಶ್ವವಿದ್ಯಾಲಯ ಇರುವ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಫ್ರಾಂಕ್‌ಫರ್ಟ್ ಸ್ಕೂಲ್ ಖಾಸಗಿ, ಅಲ್ಲಿ ಫೀಸು ಕೇಳಿದರೆ ಫಿಲ್ಟರ್ ಕಾಫಿ ಇಳಿಯುವುದಿಲ್ಲ. ಮೇಲೆ ಎಪಿಎಸ್ ಸರ್ಟಿಫಿಕೇಟು, ಅಂದರೆ ನಮ್ಮ ಅಂಕಪಟ್ಟಿ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡುವ ಕಾಗದ. ಮೂರು ವರ್ಷದ ಬಿಕಾಂನಲ್ಲಿ ಗಣಿತ ಸ್ಟ್ಯಾಟಿಸ್ಟಿಕ್ಸ್ ಕ್ರೆಡಿಟ್ ಕಮ್ಮಿ ಅಂತ ವಾಪಸ್ ಕಳಿಸುವುದೂ ಉಂಟು.

ಫ್ರಾಂಕ್‌ಫರ್ಟ್ ಫಿಲ್ಟರ್ ಕಾಫಿ:
"ಹೆಚ್ಚಿನ" ಅನ್ನುವ ಪದ ನನ್ನ ವಾಕ್ಯದಲ್ಲಿತ್ತು. 1,500 ಯೂರೋವನ್ನೂ 27,000 ಪೌಂಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಲೆಕ್ಕಪರಿಶೋಧಕರಾಗುವವರು ನೀವು.

ಹಳೇ ಅಗ್ರಹಾರ:
ಯಾರೂ ತಪ್ಪು ತಿಳಿಯಬೇಡಿ. 40 ಲಕ್ಷದಲ್ಲಿ ಹೆಣ್ಣುಮಗಳ ಮದುವೆ ಭರ್ಜರಿಯಾಗಿ ಮಾಡಬಹುದು. ಅಪ್ಪನ ಗದ್ದೆ ಹೋಗಿ, ಅವಳೂ ಅಲ್ಲೇ ಉಳಿದರೆ ಅಣ್ಣನ ಗತಿ ಏನು?

ಬೋಗಾದಿ ಮೇಡಂ:
ತಪ್ಪಾಗಿಯೇ ತಿಳಿಯುತ್ತೇನೆ. "ಅಪ್ಪನ ಗದ್ದೆ" ಅಂದಿರಲ್ಲ, ಅದು ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ಅವಳ ಪಾಲೂ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ, ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿದ್ದರು. ಅವಳ ಪಾಲನ್ನು ಅವಳ ಓದಿಗೆ ಇಡುತ್ತಿದ್ದಾರೆ. ಅಣ್ಣ ಉದಾರಿ, ಅಪ್ಪ ತ್ಯಾಗಿ ಅಂತ ಯಾಕೆ ಬರೆಯುತ್ತೀರಿ ಎಲ್ಲರೂ? ಇದೇ ಹುಡುಗ ಆಗಿದ್ದಿದ್ದರೆ ಮದುವೆ ಲೆಕ್ಕ ಯಾರಾದರೂ ತೆಗೆಯುತ್ತಿದ್ದಿರಾ? ನಾಚಿಕೆ ಆಗಬೇಕು.

ಹಳೇ ಅಗ್ರಹಾರ:
ಒಂದು ಮಾತು ಹೇಳಿದ್ದಕ್ಕೆ ಇಷ್ಟು ಉರಿಯಬೇಕಾ? ನಾನು ಗತಿ ಏನು ಅಂತ ಕೇಳಿದೆ ಅಷ್ಟೆ.

ಮದ್ದೂರು ಗೌಡ್ರು:
"ಅವಳ ಪಾಲು" ಅನ್ನುತ್ತೀರಿ ಮೇಡಂ, ಭಾಗ ಆಗಿದ್ದರೆ ತಾನೇ ಪಾಲು? ಮಂಡ್ಯದಲ್ಲಿ ಅರ್ಧ ಜಮೀನು ಇನ್ನೂ ತಾತನ ಹೆಸರಲ್ಲಿದೆ. ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ, ಜಂಟಿಯಲ್ಲಿ ಐದು ಜನ ದಾಯಾದಿಗಳು.

ನಿವೃತ್ತ ಮ್ಯಾನೇಜರ್:
ಆಹಾ, ಈಗ ಬಂದರು ದಾರಿಗೆ. ಜಂಟಿ ಖಾತೆಯ ಜಮೀನನ್ನು ಬ್ಯಾಂಕು ಇಟ್ಟುಕೊಳ್ಳಬೇಕು ಅಂತ ಇಷ್ಟು ಹೊತ್ತು ವಾದ ಮಾಡಿದವರು ಯಾರು?

ಮದ್ದೂರು ಗೌಡ್ರು:
ದಾರಿಗೆ ಬಂದದ್ದು ನೀವು. ನಾನು ನಿಂತ ಕಡೆಯೇ ನಿಂತಿದ್ದೇನೆ.

ನಾಲೆ ಪಕ್ಕದವ, ಮಂಡ್ಯ:
ಸಾರ್, ಮೇಡಂ, ದಯವಿಟ್ಟು. ನಮ್ಮ ಖಾತೆ ಅಪ್ಪ ಮತ್ತು ಚಿಕ್ಕಪ್ಪನ ಹೆಸರಲ್ಲಿ ಜಂಟಿಯಾಗಿದೆ. ಮಂಡ್ಯದಲ್ಲಿ ಒಂದು ಸಣ್ಣ ಮನೆ ಅಪ್ಪನ ಹೆಸರಲ್ಲೇ ಇದೆ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ಉಳಿಯುತ್ತದೆ ಅಂತ ಮೈಸೂರಿನ ಒಬ್ಬ ಕನ್ಸಲ್ಟೆಂಟ್ ಹೇಳಿದರು. ಅದು ನಿಜವಾ?

ನಿವೃತ್ತ ಮ್ಯಾನೇಜರ್:
ನಿಜ, ಆದರೆ ನಿಮಗೆ ಉಪಯೋಗ ಇಲ್ಲ. ಬಡ್ಡಿಗೆ ಮಾತ್ರ, 8 ವರ್ಷ, ಅದೂ ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ. ನಿಮ್ಮಪ್ಪನಿಗೆ ಬರುವುದು ಕೃಷಿ ಆದಾಯ, ಅದಕ್ಕೆ ಇನ್‌ಕಂ ಟ್ಯಾಕ್ಸೇ ಇಲ್ಲ. ಇಲ್ಲದ ಟ್ಯಾಕ್ಸಿನಲ್ಲಿ ಏನು ಉಳಿಸುತ್ತೀರಿ? ನಿಮಗೆ ಕಷ್ಟ ಬರುವುದು ಇನ್ನೊಂದು ಕಡೆ. ಜೊತೆಗೆ ಸಹಿ ಹಾಕುವವರ ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತಾರೆ. ಕಬ್ಬಿನ ಬಿಲ್ಲು ತೋರಿಸಿದರೆ ಎಲ್ಲಾ ಶಾಖೆಯಲ್ಲೂ ಒಪ್ಪುವುದಿಲ್ಲ. ನೀವು ಸಂಬಳಕ್ಕಿದ್ದರೆ ನೀವೇ ಸಹಿ ಹಾಕಬೇಕಾಗುತ್ತದೆ. ಮನೆಗೆ ಇ-ಖಾತೆ, ಇಸಿ (ಋಣಭಾರ ಪತ್ರ) ತೆಗೆಸಿಡಿ. ಬ್ಯಾಂಕು ಪೂರ್ತಿ ಖರ್ಚು ಕೊಡುವುದಿಲ್ಲ, ವಿದೇಶಕ್ಕೆ ಸಾಮಾನ್ಯವಾಗಿ ಶೇ. 15 ಕೈಯಿಂದ ಹಾಕಬೇಕು. ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷದ ನಂತರ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ಥೇಮ್ಸ್ ದಂಡೆ:
"ಕನ್ಸಲ್ಟೆಂಟ್ ಹೇಳಿದರು" ಅಂದ ತಕ್ಷಣ ಜೇಬು ಮುಟ್ಟಿ ನೋಡಿಕೊಳ್ಳಿ. ಸೀಟು ಭರ್ತಿ ಮಾಡಿದ್ದಕ್ಕೆ ಅವರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ. ಅಲ್ಲಿ ಓದಿದ ಹುಡುಗರಿಗೇ ಲಿಂಕ್ಡ್‌ಇನ್‌ನಲ್ಲಿ ಬರೆದು ಕೇಳಿ: ಹೋದ ಬ್ಯಾಚಿನಲ್ಲಿ ಎಷ್ಟು ಜನರಿಗೆ ವೀಸಾ ಕೊಡುವ ಕೆಲಸ ಸಿಕ್ಕಿತು ಅಂತ. ದೊಡ್ಡ ಬ್ಯಾಂಕುಗಳ ಗ್ರಾಜುಯೇಟ್ ನೇಮಕ ಬೇಸಿಗೆಯ ಕೊನೆಗೇ ಶುರುವಾಗುತ್ತದೆ. ಸೆಪ್ಟೆಂಬರಿನಲ್ಲಿ ಇಳಿದು ಮನೆ ಹುಡುಕಿ, ಸ್ವೆಟರ್ ಕೊಂಡು, ಆಮೇಲೆ ಅರ್ಜಿ ಹಾಕೋಣ ಅಂದರೆ ಅಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತದೆ. ವಿಮಾನ ಹತ್ತುವ ಮೊದಲೇ ಸಿವಿ ರೆಡಿ ಇರಬೇಕು.

ಆರ್ಟಿಕಲ್ ಕ್ಲರ್ಕ್:
"ಅರ್ಧ ಬಾಗಿಲು ಮುಚ್ಚಿರುತ್ತದೆ". ಇದನ್ನು ಮೊದಲನೇ ಕಾಮೆಂಟಿನಲ್ಲೇ ಹೇಳಿದ್ದರೆ ಇಷ್ಟು ಉದ್ದ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಇಲ್ಲೇ ಇದ್ದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರೆ ಎಲ್ಲಾ ಬಾಗಿಲೂ ತೆಗೆದೇ ಇರುತ್ತದೆ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್ ಎರಡೂ ಅಲ್ಲೇ ಇವೆ.

ಥೇಮ್ಸ್ ದಂಡೆ:
ಅಲ್ಲಿ ಬಿಕಾಂ ಓದಿ ಸಿಎಫ್‌ಎ ಲೆವೆಲ್ ಒನ್ ಪಾಸಾದವರು ಎಷ್ಟು ಜನ ಸಾಲಿನಲ್ಲಿ ನಿಂತಿದ್ದಾರೆ ಅಂತ ಗೊತ್ತಾ? ಮೂರೂ ಲೆವೆಲ್ ಪಾಸಾದರೂ ಚಾರ್ಟರ್ ಕೈಗೆ ಸಿಗಬೇಕಾದರೆ 36 ತಿಂಗಳಿಗೆ ಕಡಿಮೆ ಇಲ್ಲದ, 4,000 ಗಂಟೆಯ ಕೆಲಸದ ಅನುಭವ ಬೇಕು. ಮೊದಲ ಕೆಲಸ ಸಿಗದೆ ಅದು ಎಲ್ಲಿಂದ ಬರುತ್ತದೆ?

ಆರ್ಟಿಕಲ್ ಕ್ಲರ್ಕ್:
ಸಿಎ ಮಾಡಿದರೆ ಆ ತೊಂದರೆಯೇ ಇಲ್ಲ, ಆರ್ಟಿಕಲ್‌ಶಿಪ್‌ನಲ್ಲೇ ಕೆಲಸ ಕಲಿಯುತ್ತಾರೆ.

ಬೋಗಾದಿ ಮೇಡಂ:
ಆ ಹುಡುಗಿ ಸಿಎ ಮಾಡುತ್ತೇನೆ ಅಂತ ಎಲ್ಲಿ ಹೇಳಿದ್ದಾಳೆ? ಅವಳನ್ನು ಯಾರಾದರೂ ಕೇಳಿದ್ದೀರಾ?

ನಾಲೆ ಪಕ್ಕದವ, ಮಂಡ್ಯ:
ಕೇಳಿದೆ ಮೇಡಂ. ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಲು ಆಗುತ್ತದಾ ಅಂತ ಅವಳೇ ಮೇಲ್ ಹಾಕಿದ್ದಾಳಂತೆ. ಆ ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಜರ್ಮನಿಗೂ ಅರ್ಜಿ ಹಾಕುತ್ತಾಳಂತೆ.

ಆರ್ಟಿಕಲ್ ಕ್ಲರ್ಕ್:
"ಒಂದು ವರ್ಷ ಮುಂದಕ್ಕೆ" ಹಾಕಿದರೆ 18 ತಿಂಗಳ ನಿಯಮಕ್ಕೆ ಸಿಕ್ಕಿಬೀಳುತ್ತಾಳೆ, ಅಷ್ಟು ಹೇಳಿರುತ್ತೇನೆ.

ಥೇಮ್ಸ್ ದಂಡೆ:
ಈ ವರ್ಷ ಹೋದರೂ 18 ತಿಂಗಳೇ ಅಂತ ಮೇಲೆ ನೀವೇ ಬರೆದಿದ್ದೀರಿ. ಸ್ಕ್ರೋಲ್ ಮಾಡಿ ಓದಿ.

ಮದ್ದೂರು ಗೌಡ್ರು:
ಅದೆಲ್ಲಾ ಇರಲಿ. ತಮ್ಮಾ, ಆ ಜಂಟಿ ಖಾತೆ ವಿಷಯಕ್ಕೆ ನಾಡಕಚೇರಿಯಲ್ಲಿ ನಮ್ಮ ಹುಡುಗ ಒಬ್ಬ ಇದ್ದಾನೆ, ಇನ್‌ಬಾಕ್ಸಿಗೆ ಬಾ. ಮ್ಯಾನೇಜರ್ ಸಾಹೇಬರಿಗೆ ಹೇಳಬೇಡ.