ದೊಡ್ಡಪ್ಪನ ಕೆರೆ, ಅಲಾಸ್ಕಾದ ಎಣ್ಣೆ

ಹೋದ ವರ್ಷ ಸುಂಟಿಕೊಪ್ಪದಲ್ಲಿ ಟ್ಯಾಂಕರ್ ಮಗುಚಿ ದೊಡ್ಡಪ್ಪನ ಕೆರೆಗೆ ಡೀಸೆಲ್ ಹರಿದಿತ್ತು. ಟ್ಯಾಂಕರಿನವರು 40 ಸಾವಿರ ಕೊಟ್ಟು ಮುಗಿಸೋಣ ಅಂತ ಕಾಗದ ತಂದಿದ್ದಾರೆ. ಅದರ ಬಗ್ಗೆ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ನಡುನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ.

ಕುಶಾಲನಗರ ಚಿಕ್ಕಪ್ಪ: (ಫಾರ್ವರ್ಡ್) "ಬಡ ಮೀನುಗಾರರ ಮುಂದೆ ಸೋತ ಎಕ್ಸಾನ್!! 500 ಕೋಟಿ ಡಾಲರ್ ದಂಡ!! ಎಲ್ಲರಿಗೂ ಕಳುಹಿಸಿ"
ಕುಶಾಲನಗರ ಚಿಕ್ಕಪ್ಪ: ಅಣ್ಣಾ ನೋಡಿ. ಟ್ಯಾಂಕರಿನವರ 40 ಸಾವಿರಕ್ಕೆ ಸೈನ್ ಹಾಕಬೇಡಿ. ಕೋರ್ಟಿಗೆ ಎಳೆಯಿರಿ.

ಗೋಣಿಕೊಪ್ಪ ಮಾವ: ಭಾವ, ಸುಮ್ನೆ ದುಡ್ಡು ತಗೊಂಡು ಮುಗಿಸಿ. ಅಮೆರಿಕ ಎಲ್ಲಿ, ಸುಂಟಿಕೊಪ್ಪ ಎಲ್ಲಿ.

(ಮಾವನದು ಪೆಟ್ರೋಲ್ ಬಂಕ್. ಇದನ್ನು ನೆನಪಿಟ್ಟುಕೊಂಡು ಓದಿ.)

ಲಾಯರ್ ಅಕ್ಕ: ಚಿಕ್ಕಪ್ಪ, ಇದು ಅರ್ಧ ಕಥೆ. ಎಕ್ಸಾನ್ ಅಮೆರಿಕದ ಎಣ್ಣೆ ಕಂಪನಿ. ಅದರ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದಲ್ಲಿ ಬಂಡೆಗೆ ಬಡಿದದ್ದು 1989ರ ಮಾರ್ಚ್ 24ಕ್ಕೆ, ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಸಮುದ್ರಕ್ಕೆ ಹೋಯಿತು. 1994ರಲ್ಲಿ ಜ್ಯೂರಿ 500 ಕೋಟಿ ಡಾಲರ್ ದಂಡ ಹಾಕಿದ್ದು ನಿಜ. ಆದರೆ ಕಂಪನಿ ಮೇಲ್ಮನವಿ ಮೇಲೆ ಮೇಲ್ಮನವಿ ಹಾಕುತ್ತಾ ಹೋಗಿ, 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು 50.75 ಕೋಟಿಗೆ ಇಳಿಸಿತು. ಹತ್ತರಲ್ಲಿ ಒಂದು ಪಾಲು! ಅಷ್ಟರಲ್ಲಿ ಎಷ್ಟೋ ಜನ ಮೀನುಗಾರರು ತೀರಿಕೊಂಡಿದ್ದರು.

ಗೋಣಿಕೊಪ್ಪ ಮಾವ: ಅದನ್ನೇ ನಾನೂ ಹೇಳಿದ್ದು. ಮತ್ತೆ ಆ ಕಂಪನಿ ಸುಮ್ಮನೆ ಕೂತಿರಲಿಲ್ಲ, ಎಣ್ಣೆ ಬಳಿದು ತೆಗೆಯೋಕೇ 200 ಕೋಟಿ ಡಾಲರ್ ಖರ್ಚು ಮಾಡಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಕುಶಾಲನಗರ ಚಿಕ್ಕಪ್ಪ: ಚೆಲ್ಲಿದವನು ಒರೆಸಿದ್ದಕ್ಕೆ ಸನ್ಮಾನ ಮಾಡಬೇಕಾ?

ಗೋಣಿಕೊಪ್ಪ ಮಾವ: ಲಾಯರ್‌ಗಳು ಮಾತ್ರ ಸಾಚಾ ಅಲ್ವಾ? ಈಕ್ವೆಡಾರ್ ಕೇಸ್ ಗೊತ್ತಾ? ಶೆವ್ರಾನ್ ಎಣ್ಣೆ ಕಂಪನಿ 950 ಕೋಟಿ ಡಾಲರ್ ಕೊಡಬೇಕು ಅಂತ ಅಲ್ಲಿನ ಕೋರ್ಟ್ ಹೇಳಿತ್ತು. 2014ರಲ್ಲಿ ನ್ಯೂಯಾರ್ಕಿನ ಜಡ್ಜ್ ಆ ತೀರ್ಪನ್ನೇ ಮೋಸದಿಂದ ಪಡೆದದ್ದು ಅಂದುಬಿಟ್ಟರು. ಊರಿನವರ ಲಾಯರ್ ಸನ್ನದು ಹೋಯಿತು.

ಲಾಯರ್ ಅಕ್ಕ: ಸರಿ ಮಾವ, ಒಪ್ಪಿದೆ. ಆದರೆ ಕಾಡಿನ ಗುಂಡಿಗಳಲ್ಲಿ ಬಿಟ್ಟ ಎಣ್ಣೆ ಕೊಳೆ ಸುಳ್ಳಲ್ಲ. ಟೆಕ್ಸಾಕೊ ಬಿಟ್ಟುಹೋದದ್ದು, ಆ ಕಂಪನಿಯನ್ನು ಆಮೇಲೆ ಶೆವ್ರಾನ್ ಕೊಂಡುಕೊಂಡಿತು. ಕೇಸ್ ಶುರುವಾಗಿದ್ದು 1993ರಲ್ಲಿ. ಲಾಯರ್ ತಪ್ಪು ಮಾಡಿದರೂ, ಕಂಪನಿ ಎಳೆದಾಡಿದರೂ ಕೊಳೆ ನೀರು ಕುಡಿದವರು ಊರಿನವರೇ. ಇನ್ನೊಂದು ಕೇಸೂ ಇದೆ. ನೈಜೀರಿಯಾದ ನಾಲ್ಕು ರೈತರು 2008ರಲ್ಲಿ ಶೆಲ್ ಎಣ್ಣೆ ಕಂಪನಿ ಮೇಲೆ ನೆದರ್‌ಲ್ಯಾಂಡ್ಸ್‌ಗೇ ಹೋಗಿ ಕೇಸ್ ಹಾಕಿದರು. 2021ರಲ್ಲಿ ಗೆದ್ದರು, 2022ರಲ್ಲಿ 1.5 ಕೋಟಿ ಯೂರೋಗೆ ಒಪ್ಪಂದ ಆಯಿತು. ಅವರಲ್ಲಿ ಒಬ್ಬರ ಕೇಸನ್ನು ಕೊನೆ ಮುಟ್ಟಿಸಿದ್ದು ಮಗ, ಅಪ್ಪ ಅಷ್ಟರಲ್ಲಿ ಇರಲಿಲ್ಲ.

ದೊಡ್ಡಪ್ಪ: ನನಗೆ 71

ದೊಡ್ಡಪ್ಪ: ಸುಮ್ನೆ ಹೇಳಿದೆ

ಲಾಯರ್ ಅಕ್ಕ: ಅಯ್ಯೋ ದೊಡ್ಡಪ್ಪ, ನೀವು ಅಲಾಸ್ಕಾಕ್ಕೆ ಹೋಗೋದು ಬೇಡ. ಇಲ್ಲಿ ಪರಿಸರದ ಕೇಸು ನೋಡೋಕೆ ಹಸಿರು ನ್ಯಾಯಮಂಡಳಿ ಇದೆ, ದಕ್ಷಿಣದವರಿಗೆ ಚೆನ್ನೈ ಪೀಠ. 2010ರ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಪರಿಹಾರ ಕೇಳೋಕೆ 5 ವರ್ಷ ಟೈಮ್ ಇದೆ. 17ನೇ ಸೆಕ್ಷನ್ ಇನ್ನೂ ಒಳ್ಳೆಯದು. ಡ್ರೈವರ್ ನಿದ್ದೆ ಮಾಡಿದ್ದನಾ, ಬ್ರೇಕ್ ಫೇಲಾ ಅಂತ ನೀವು ತೋರಿಸಬೇಕಾಗಿಲ್ಲ, ಡೀಸೆಲ್ ಅವರದು, ಹಾಳಾದ ಕೆರೆ ನಿಮ್ಮದು ಅಂತ ತೋರಿಸಿದರೆ ಸಾಕು. 40 ಸಾವಿರ ಜಾಸ್ತಿನಾ ಕಡಿಮೆನಾ ಆಮೇಲೆ ನೋಡೋಣ. ಅವರು ತಂದ ಕಾಗದದಲ್ಲಿ "ಮುಂದೆ ಯಾವ ತಕರಾರೂ ಇಲ್ಲ" ಅಂತ ಒಂದು ಸಾಲು ಇದೆಯಾ ನೋಡಿ.

ದೊಡ್ಡಮ್ಮ: ಇದೆ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕಿ ನಾನೇ ಓದಿದೆ.

ಗೋಣಿಕೊಪ್ಪ ಮಾವ: ಅಕ್ಕಾ, ಅದು ಎಲ್ಲಾ ಕಾಗದದಲ್ಲೂ ಇರುತ್ತೆ.

ದೊಡ್ಡಮ್ಮ: ಡೀಸೆಲ್ ಬಿದ್ದ ವರ್ಷ ಕಾಫಿ ಹೂ ಬಿಡೋಕೆ ಬೇಕಾದ ಹೂ ಮಳೆ ಕೈ ಕೊಟ್ಟಿತ್ತು. ಕೆರೆ ನೀರು ಸ್ಪ್ರಿಂಕ್ಲರಿಗೆ ಬಿಡೋಕೆ ಆಗಲಿಲ್ಲ, ಕೆಳಗಿನ ಎರಡು ಎಕರೆ ರೊಬಸ್ಟಾ ಹೂವೇ ಬಿಡಲಿಲ್ಲ. ಅದೂ ಎಲ್ಲಾ ಕಾಗದದಲ್ಲಿ ಇರುತ್ತಾ?

(ಇದಾದ ಮೇಲೆ ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿನಲ್ಲಿ ಇದು ದಾಖಲೆ.)

ಗೋಣಿಕೊಪ್ಪ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಲಾಯರ್ ಅಕ್ಕ: ದೊಡ್ಡಪ್ಪ, ಆವತ್ತಿನ ಫೋಟೋ ಇದೆಯಾ? ತಾರೀಖು ಇರೋದು. ಪೊಲೀಸರು ಬರೆದುಕೊಂಡದ್ದರ ನಕಲು?

ದೊಡ್ಡಪ್ಪ: ಆ ಫೋನ್ ನೀರಿಗೆ ಬಿತ್ತು

ದೊಡ್ಡಮ್ಮ: ಆವತ್ತೇ ನಾನು ಈ ಗುಂಪಿಗೆ ಹಾಕಿದ್ದೆ. ಯಾರು ನೋಡುತ್ತೀರಾ ನೀವು.

ಮೇಲಕ್ಕೆ ಎಳೆಯುತ್ತಾ ಹೋದೆ, ಮದುವೆ ಕಾಗದ, ಕರಿಮೆಣಸಿನ ರೇಟು, ಆನೆ ಬಂದ ವಿಡಿಯೋ ಎಲ್ಲಾ ದಾಟಿ ಹೋದ ವರ್ಷದ ಫೆಬ್ರವರಿ 11ಕ್ಕೆ ಬಂದರೆ ಮೂರು ಫೋಟೋ ಇದ್ದವು. ಒಂದರಲ್ಲಿ ತಿರುವಿನಲ್ಲಿ ಮಗುಚಿದ ಟ್ಯಾಂಕರ್, ನಂಬರ್ ಪ್ಲೇಟ್ ಸಮೇತ. ಇನ್ನೊಂದರಲ್ಲಿ ಚರಂಡಿ. ಮೂರನೆಯದರಲ್ಲಿ ಕೆರೆ, ನೀರಿನ ಮೇಲೆಲ್ಲಾ ಕಾಮನಬಿಲ್ಲಿನ ಬಣ್ಣ.

ಅದರ ಕೆಳಗೆ ಗೋಣಿಕೊಪ್ಪ ಮಾವ ಒಂದು ಹೆಬ್ಬೆರಳು ಹಾಕಿದ್ದರು. "ಸೂಪರ್ ವ್ಯೂ ಅಕ್ಕಾ" ಅಂತ.