ಸಹಾಯ ಬೇಕು: ಮೊದಲನೆಯದು ಸಿಸೇರಿಯನ್, ಎರಡನೆಯದು ನಾರ್ಮಲ್ ಮಾಡಿಸಿಕೊಂಡವರು ಇದ್ದೀರಾ?

ನಮಸ್ಕಾರ ಅಕ್ಕಂದಿರೇ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ನನಗೀಗ 34 ವಾರ. ಮೂರು ವರ್ಷದ ಹಿಂದೆ ಮಗು ಉಲ್ಟಾ ಇದೆ ಅಂತ ಸಿಸೇರಿಯನ್ ಆಗಿತ್ತು. ಈ ಸಲ ತಲೆ ಕೆಳಗೇ ಇದೆ. ಗರ್ಭಕೋಶದ ಹೊಲಿಗೆ ಅಡ್ಡಕ್ಕಿದೆ, ನಾರ್ಮಲ್‌ಗೆ ಪ್ರಯತ್ನಿಸಬಹುದು ಅಂದರು ಡಾಕ್ಟರ್. ಹೀಗೆ ಪ್ರಯತ್ನಿಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ನಾರ್ಮಲ್ ಆಗುತ್ತದಂತೆ. ಹಳೇ ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ಆದರೆ ಬಿಟ್ಟರೆ ತಕ್ಷಣ ಆಪರೇಷನ್ ಆಗಬೇಕು.

ನನ್ನ ಭಯ ಅದೇ. ಮನೆ ತನಕ ಗಾಡಿ ಬರಲ್ಲ. ಮಳೆಗಾಲದಲ್ಲಿ ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿಯೇ ರಸ್ತೆಗೆ ಬರಬೇಕು. ರಾತ್ರಿ ನೋವು ಬಂದರೆ? ಅತ್ತೆ "ನಾವೆಲ್ಲ ಮನೆಯಲ್ಲೇ ಹೆತ್ತಿದ್ದು" ಅಂತಾರೆ, ನಾನು ಸುಮ್ನೆ ನಗ್ತೇನೆ.

ಕೊನೇ ಎರಡು ವಾರ ಪೇಟೆಯಲ್ಲಿ ರೂಮು ಮಾಡಿಕೊಂಡಿದ್ದವರು ಇದ್ದೀರಾ? ರಾತ್ರಿ ರಕ್ತ, ಅರಿವಳಿಕೆ ಡಾಕ್ಟರ್ ಸಿಗ್ತಾರಾ ಅಂತ ಆಸ್ಪತ್ರೆಯಲ್ಲಿ ಮೊದಲೇ ಹೇಗೆ ಕೇಳಿದಿರಿ?