ಸಹಾಯ ಬೇಕು: ಪಿನ್ ಭಾಬಾ ಪಾಸ್ ದಾಟಿದವರು ಮೈಸೂರು, ಮಂಡ್ಯದಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಕುವೆಂಪುನಗರದ ಮೂವರು ಸ್ನೇಹಿತರು. ಸೆಪ್ಟೆಂಬರಿನಲ್ಲಿ ಹಿಮಾಚಲದ ಪಿನ್ ಭಾಬಾ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ಕಣಿವೆದಾರಿ) ದಾಟಬೇಕೆಂದಿದ್ದೇವೆ. ಕಿನ್ನೌರಿನ ಕಾಫ್ನು ಹಳ್ಳಿಯಿಂದ ಹೊರಟು ಮುಲ್ಲಿಂಗ್, ಕಾರಾ ಹಾದು ಸ್ಪಿತಿ ಕಡೆಯ ಮುದ್ ಹಳ್ಳಿಗೆ ಇಳಿಯುವ ದಾರಿ. ಪಾಸಿನ ಎತ್ತರ ಸುಮಾರು 4,900 ಮೀಟರ್. ಈಚೆ ಹಸಿರು ಹುಲ್ಲುಗಾವಲು, ಪಾಸ್ ದಾಟಿದರೆ ಮಳೆಯೇ ಅಪರೂಪವಾದ ಬೋಳು ಬೆಟ್ಟಗಳು. ಜನಜಂಗುಳಿಯ ದಾರಿಗಳನ್ನು ಬಿಟ್ಟು ಇದನ್ನು ಆರಿಸಿಕೊಂಡದ್ದು ಅದಕ್ಕೇ.

ಕಾಲಿನ ಬಲದ ಬಗ್ಗೆ ಚಿಂತೆಯಿಲ್ಲ. ಬೆನ್ನಿಗೆ ಮರಳಿನ ಚೀಲ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇವೆ. ಆದರೆ ಬೆಟ್ಟದ ತುದಿಯೇ ಸಾವಿರ ಮೀಟರಿನ ಆಸುಪಾಸು. ತೆಳುಗಾಳಿಗೆ ಮೈ ಒಗ್ಗಿಸಲು ಇಲ್ಲಿ ಸಾಧ್ಯವೇ ಇಲ್ಲ. ಪಾಸಿನ ಮೇಲೆ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ನಮ್ಮಲ್ಲೊಬ್ಬನಿಗೆ ಸಲ್ಫಾ ಔಷಧಿ ಒಗ್ಗುವುದಿಲ್ಲ. ಎತ್ತರದ ಕಾಯಿಲೆಗೆ ಕೊಡುವ ಅಸೆಟಜೋಲಮೈಡ್ ಕೂಡ ಸಲ್ಫಾ ಔಷಧಿಗಳಂತೆ ಸಲ್ಫೋನಮೈಡ್ ಗುಂಪಿನದು. ಇದನ್ನು ಬಲ್ಲ ವೈದ್ಯರು ಮೈಸೂರಿನಲ್ಲಿದ್ದರೆ ದಯವಿಟ್ಟು ತಿಳಿಸಿ, ಅವರನ್ನು ಕಂಡ ಮೇಲೆಯೇ ಟಿಕೆಟ್ ಮಾಡಿಸುತ್ತೇವೆ.

ಇನ್ನೊಂದು ವಿಷಯ, ಕಾರಾ ಬಳಿಯ ಹೊಳೆ. ಹಿಮ ಕರಗಿದ ನೀರು ಬಿಸಿಲೇರಿದಂತೆ ಏರುತ್ತದೆ, ಹಾಗಾಗಿ ಬೆಳಿಗ್ಗೆಯೇ ದಾಟಬೇಕು ಎಂಬುದು ಗೊತ್ತು. ಸೆಪ್ಟೆಂಬರಿನಲ್ಲಿ ಅಲ್ಲಿ ಹಗ್ಗ ಬೇಕಾಗುತ್ತದೆಯೇ? ಹೋಗಿ ಬಂದವರ ಮಾತೇ ನಮಗೆ ಬೇಕು.

ಕಾಫ್ನುವಿನವರನ್ನೇ ಮಾರ್ಗದರ್ಶಿಯಾಗಿ ಕರೆದೊಯ್ಯುವ ಆಸೆ; ನಂಬಿಕಸ್ಥರ ಪರಿಚಯವಿದ್ದರೆ ಹೇಳಿ. ಮೈನಸ್ ಹತ್ತು ಡಿಗ್ರಿ ತಡೆಯುವ ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಕೊಡುವವರೂ ಬೇಕು. ಮಂಡ್ಯದಲ್ಲಿದ್ದರೂ ಸರಿ, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.